ಹಕ್ಕಿಗೆ ಉಂಗುರ, ನಾದಿನಿಗೆ ವರ

ಲೇಪಾಕ್ಷಿಯಿಂದ ಗೋರಂಟ್ಲದವರೆಗೆ ಬರಿಗಾಲಿನ ಹಕ್ಕಿ ಒಂದೂ ಉಳಿಯಕೂಡದು ಎಂದು ಹಿಂದೂಪುರದ ಸುಬ್ಬರಾಯಪ್ಪನವರು ಶಪಥ ಮಾಡಿದ್ದು ಒಂದು ಸೋಮವಾರ ಬೆಳಿಗ್ಗೆ, ಬಾಯಿತುಂಬ ಹಲ್ಲುಪುಡಿಯ ನೊರೆ ಇರುವಾಗ. ಹಾಗಾಗಿ ಶಪಥದ ಅರ್ಧ ಭಾಗ ಮಾತ್ರ ಹೆಂಡತಿ ಬನಶಂಕರಿಗೆ ಕೇಳಿಸಿತು. ಕೇಳಿಸಿದ ಅರ್ಧವೇ ಆಕೆಗೆ ಸಾಕಾಯಿತು.

"ಹಕ್ಕಿಗೆಲ್ಲ ಕಾಲುಂಗುರ ತೊಡ್ಸಕ್ಕೆ ಹೊಂಟವ್ರೆ. ಕಟ್ಕೊಂಡೋಳ ಕಾಲುಂಗುರ ಸವೆದು ತಂತಿ ಆಗೈತೆ, ಅದು ಕಣ್ಣಿಗೆ ಬೀಳಾಕಿಲ್ಲ" ಎಂದು ಆಕೆ ಒಲೆಗೆ ಹೇಳಿದಳು.

ಸುಬ್ಬರಾಯಪ್ಪನವರು ನೇಕಾರರ ಸಹಕಾರ ಸಂಘವೊಂದರಲ್ಲಿ ಗುಮಾಸ್ತರು. ನೂಲಿನ ಗಂಟು ಬರೆದುಕೊಳ್ಳುವುದು, ಸೀರೆ ಬರೆದುಕೊಳ್ಳುವುದು, ಸಂಜೆಗೆ ಮನೆಗೆ ಬರುವುದು, ಇಷ್ಟೇ ಅವರ ಬಾಳು. ಎಂಬತ್ತೆರಡನೇ ಇಸವಿಯ ದಸರಾ ರಜೆಯಲ್ಲಿ ಮಾತ್ರ ಅದಕ್ಕೊಂದು ತಿರುವು ಬಂತು. ಬೊಂಬಾಯಿಯ ಪಕ್ಷಿ ಸಂಘವೊಂದು ಊರಾಚೆ ಕೆರೆಯ ಬಳಿ ಎಂಟು ದಿನ ಶಿಬಿರ ಹೂಡಿತ್ತು. ಸಣ್ಣ ಹಕ್ಕಿಗಳನ್ನು ತೆಳುಬಲೆಯಲ್ಲಿ ಹಿಡಿದು, ಕಾಲಿಗೆ ನಂಬರಿರುವ ಅಲ್ಯೂಮಿನಿಯಂ ಉಂಗುರ ತೊಡಿಸಿ, ತೂಕ ನೋಡಿ, ಬರೆದುಕೊಂಡು ಹಾರಿಬಿಡುವುದು. ಆ ಹಕ್ಕಿ ಮುಂದೆ ಯಾವ ದೇಶದಲ್ಲಿ ಸಿಕ್ಕರೂ ಅದು ಎಲ್ಲಿಂದ ಬಂದದ್ದೆಂದು ಗೊತ್ತಾಗುತ್ತದೆ. ಇದನ್ನು ಕೇಳಿದ ಸುಬ್ಬರಾಯಪ್ಪನವರಿಗೆ ರೋಮಾಂಚನವಾಯಿತು. ತಮ್ಮ ಕೈಬರಹದ ಲೆಕ್ಕ ರಷ್ಯಾ ದೇಶದವರೆಗೆ ಹೋಗುವುದೆಂದರೆ ಸಾಮಾನ್ಯವೇ? ಅಲ್ಲಿಯವರೆಗೆ ಅದು ಹೋಗಿದ್ದ ಅತಿ ದೂರದ ಜಾಗ ಅನಂತಪುರದ ಜಿಲ್ಲಾ ಕಚೇರಿ, ಅದೂ ತಪ್ಪಾಗಿದೆಯೆಂದು ವಾಪಸು ಬಂದಿತ್ತು.

ಸ್ವಯಂಸೇವಕನಾಗುತ್ತೇನೆಂದು ಕೈ ಎತ್ತಿದರು. ಒಂದು ಬಲೆ, ಎರಡು ಬಿದಿರು ಗಳ, ಉಂಗುರಗಳ ಡಬ್ಬಿ, ಪುಟ್ಟ ಇಕ್ಕಳ, ತಕ್ಕಡಿ, ಒಂದು ದಪ್ಪ ಪುಸ್ತಕ ಮತ್ತು ಹಿಡಿದ ಹಕ್ಕಿಯನ್ನು ಇಡಲು ಬಟ್ಟೆಯ ಚೀಲಗಳು ಅವರ ವಶಕ್ಕೆ ಬಂದವು. ಜೊತೆಗೆ ಒಂದು ಷರತ್ತು: ಮೂರು ತಿಂಗಳಾದ ಮೇಲೆ ಬೊಂಬಾಯಿಯಿಂದ ಸಾಹೇಬರೊಬ್ಬರು ಬಂದು ಕೆಲಸ ನೋಡುತ್ತಾರೆ. ಮೆಚ್ಚಿದರೆ ಪರವಾನಗಿ, ಇಲ್ಲವಾದರೆ ಡಬ್ಬಿ ವಾಪಸು.

ಮೊದಲ ದಿನ ಹಿತ್ತಲಿನ ನುಗ್ಗೆಮರಕ್ಕೂ ಬಚ್ಚಲ ಗೋಡೆಗೂ ನಡುವೆ ಬಲೆ ಕಟ್ಟಿದರು. ಅದು ಕೂದಲಿಗಿಂತ ತೆಳುವಾದ ಕಪ್ಪು ನೂಲಿನ ಬಲೆ, ಇರುವುದೇ ಕಾಣುವುದಿಲ್ಲ. ಹಕ್ಕಿಗೂ ಕಾಣುವುದಿಲ್ಲ, ಪಕ್ಕದ ಮನೆಯ ನರಸಕ್ಕನ ಕೋಳಿಗೂ ಕಾಣುವುದಿಲ್ಲ. ಕೋಳಿ ಬಿಡಿಸಿದ್ದಾಯಿತು. ಎರಡನೆಯ ದಿನ ನರಸಕ್ಕನೇ ಸಿಕ್ಕಿಕೊಂಡಳು. "ಏನಪ್ಪ, ನನಗೂ ಉಂಗ್ರ ಹಾಕಿ ಬಿಡ್ತೀಯಾ?" ಎಂದು ಆಕೆ ಒಳಗಿನಿಂದಲೇ ಕೇಳಿದಳು.

ಮೂರನೆಯ ದಿನ ನಿಜವಾದ ಹಕ್ಕಿ ಬಿತ್ತು. ಒಂದು ಪಿಕಳಾರ. ಸುಬ್ಬರಾಯಪ್ಪನವರು ಶಿಬಿರದಲ್ಲಿ ಕಲಿತಂತೆ ಮೊದಲು ಕಾಲು ಬಿಡಿಸಹೋದರು, ರೆಕ್ಕೆ ಸಿಕ್ಕಿಕೊಂಡಿತು. ರೆಕ್ಕೆ ಬಿಡಿಸಿದರೆ ಕತ್ತು. ಕತ್ತು ಬಿಡಿಸುವಷ್ಟರಲ್ಲಿ ಅವರದೇ ಅಂಗಿಯ ಗುಂಡಿ. ಹಕ್ಕಿ ಅವರ ಹೆಬ್ಬೆರಳನ್ನು ಕಚ್ಚಿ ಹಿಡಿದುಕೊಂಡು, ಇವರಿಂದ ಏನೂ ಆಗದೆಂದು ತಿಳಿದಂತೆ ಕಣ್ಣು ಮುಚ್ಚಿತು. ಬೆವರು ಕಣ್ಣಿಗಿಳಿಯುತ್ತಿದ್ದಾಗ ಬನಶಂಕರಿ ಕೈ ಒರೆಸಿಕೊಳ್ಳುತ್ತ ಬಂದಳು.

"ಸರೀರಿ ಅತ್ಲಾಗೆ. ಪಾಪ, ಅದರ ಎದೆ ಹೆಂಗೆ ಹೊಡ್ಕಂತೈತೆ ನೋಡಿ."

ಬನಶಂಕರಿ ಕಲ್ಯಾಣದುರ್ಗದ ಮಗ್ಗದ ಮನೆಯ ಮಗಳು. ಸಿಕ್ಕಾದ ರೇಷ್ಮೆ ನೂಲು ಬಿಡಿಸುವುದು ಐದನೇ ವಯಸ್ಸಿನಿಂದ ಆಕೆಯ ಕೆಲಸವಾಗಿತ್ತು. ಬಲೆಯನ್ನು ಒಮ್ಮೆ ನೋಡಿದಳು, ಎಲ್ಲಿಂದ ಹೊಕ್ಕಿದೆಯೆಂದು ಹುಡುಕಿದಳು, ಎರಡು ಬೆರಳಲ್ಲಿ ಏನೋ ಮಾಡಿದಳು. ಹಕ್ಕಿ ಆಕೆಯ ಅಂಗೈಯಲ್ಲಿತ್ತು. ಮೂರನೆಯ ಬೆರಳಲ್ಲಿ ಗಂಡನ ಗುಂಡಿಯನ್ನೂ ಬಿಡಿಸಿ ಒಳಗೆ ಹೋದಳು, ಸಾರು ಉಕ್ಕುತ್ತಿತ್ತು.

ಅಂದಿನಿಂದ ಅದೇ ಪದ್ಧತಿಯಾಯಿತು. ಹಿಡಿಯುವವರು ಸುಬ್ಬರಾಯಪ್ಪನವರು, ಬಿಡಿಸುವವಳು ಬನಶಂಕರಿ, ಉಂಗುರ ಹಾಕುವವರು ಸುಬ್ಬರಾಯಪ್ಪನವರು. ಪುಸ್ತಕದಲ್ಲಿ 'ಬಲೆಯಿಂದ ಬಿಡಿಸಿದವರು' ಎಂದೊಂದು ಕಾಲಂ ಇತ್ತು. ಅಲ್ಲಿ ಪ್ರತಿ ಸಲವೂ ಅವರು ದುಂಡಗೆ 'ಸುಬ್ಬರಾಯಪ್ಪ' ಎಂದು ಬರೆದರು. ಎಪ್ಪತ್ತೆಂಟು ಹಕ್ಕಿ, ಎಪ್ಪತ್ತೆಂಟು ಸಲ ಸುಬ್ಬರಾಯಪ್ಪ. ಮೊದಮೊದಲು ಬರೆಯುವ ಮುಂಚೆ ಅಡಿಗೆಮನೆಯ ಕಡೆ ಒಮ್ಮೆ ನೋಡುತ್ತಿದ್ದರು. ಆಮೇಲೆ ಅಭ್ಯಾಸವಾಯಿತು.

ಜನವರಿಯಲ್ಲಿ ಎರಡು ಕಾಗದ ಒಟ್ಟಿಗೆ ಬಂದವು. ಒಂದು ಕಲ್ಯಾಣದುರ್ಗದ ಅತ್ತೆ ಪದ್ಮಾವತಮ್ಮನವರದು. ಕೊನೆಯ ಮಗಳು ದ್ರಾಕ್ಷಾಯಣಿಯನ್ನು ನೋಡಲು ಪೆನುಕೊಂಡದಿಂದ ಗಂಡಿನವರು ತಿಂಗಳ ಕೊನೆಯ ಭಾನುವಾರ ಹತ್ತು ಗಂಟೆಗೆ ಬರುತ್ತಾರೆ, ಮಾವ ಇಲ್ಲದ ಮನೆ, ಹಿರಿಯ ಅಳಿಯಂದಿರು ಮುಂದೆ ನಿಂತು ನಡೆಸಿಕೊಡಬೇಕು. ಇನ್ನೊಂದು ಬೊಂಬಾಯಿಯದು. ಪರೀಕ್ಷೆಗೆ ಗಲಗಲಿ ಎಂಬ ಸಾಹೇಬರು ಅದೇ ಭಾನುವಾರ ಬರುತ್ತಾರೆ.

ಬೇರೆ ಯಾರಾದರೂ ಆಗಿದ್ದರೆ ಸಾಹೇಬರಿಗೆ ದಿನ ಬದಲಿಸಲು ಬರೆಯುತ್ತಿದ್ದರು. ಸುಬ್ಬರಾಯಪ್ಪನವರು ಊರು ಬದಲಿಸಲು ಬರೆದರು. ಕಲ್ಯಾಣದುರ್ಗದಲ್ಲಿ ಅತ್ತೆಯ ಮನೆಯ ಹಿಂದೆಯೇ ಕೆರೆ, ಚಳಿಗಾಲಕ್ಕೆ ಹೊರದೇಶದಿಂದ ಬರುವ ಬಾಲ ಕುಣಿಸುವ ಹಕ್ಕಿಗಳು ಅಲ್ಲಿ ಬೇಕಾದಷ್ಟು. ಬೆಳಿಗ್ಗೆ ಎಂಟಕ್ಕೆ ಸಾಹೇಬರು, ಒಂಬತ್ತಕ್ಕೆ ಅವರನ್ನು ಬಸ್ಸು ಹತ್ತಿಸುವುದು, ಹತ್ತಕ್ಕೆ ಗಂಡಿನವರು. ಹೆಂಡತಿಗೆ ಈ ಏರ್ಪಾಡು ತಿಳಿಸುವ ಅಗತ್ಯ ಅವರಿಗೆ ಕಾಣಲಿಲ್ಲ.

"ಇದು ನಾಕನೇ ಸಂಬಂಧ" ಎಂದಳು ಬನಶಂಕರಿ ಬಸ್ಸಿನಲ್ಲಿ. "ಮೂರು ಮುರ್ಕಂಡು ಹೋಗವೆ. ನಮ್ಮವ್ವ ನಿದ್ದೆ ಮಾಡಿ ಎಷ್ಟು ದಿನ ಆಯ್ತೋ. ನೀವು ಸುಮ್ಕೆ ಕುಂತ್ಕಂಡು, ಕೇಳಿದ್ದಕ್ಕೆ ಉತ್ತರ ಹೇಳಿದ್ರೆ ಸಾಕು. ಆ ಮೇಲಿನ ಬಿದಿರು ಗಳ ಯಾತಕ್ಕೆ?"

"ಅತ್ತೆ ಮನೇಲಿ ಬಟ್ಟೆ ಒಣಗಾಕಕ್ಕೆ ಗಳ ಇಲ್ಲ ಕಣೆ, ಪಾಪ."

ಭಾನುವಾರ ಬೆಳಕು ಹರಿಯುವಾಗ ಅವರು ಕೆರೆಯಂಗಳದಲ್ಲಿ ಬಲೆ ಕಟ್ಟಿದ್ದರು. ಏಳೂವರೆಗೆ ಐದು ಹಕ್ಕಿ ಬಿದ್ದಿದ್ದವು. ಹೆಂಡತಿಯಿಲ್ಲದೆ ಬಿಡಿಸುವಷ್ಟರಲ್ಲಿ ಮೊಣಕೈವರೆಗೆ ಪರಚುಗಾಯ. ಹಕ್ಕಿ ಇಡಲು ಸಂಘದವರು ಕೊಟ್ಟಿದ್ದ ಚೀಲಗಳು ಹಿಂದೂಪುರದಲ್ಲೇ ಉಳಿದದ್ದು ನಸುಕಿನಲ್ಲಿ ಮನೆ ಬಿಡುವಾಗಲೇ ಗೊತ್ತಾಗಿತ್ತು. ಆದರೂ ಅವರು ಧೃತಿಗೆಡಲಿಲ್ಲ. ಬಂದವರಿಗೆ ತಾಂಬೂಲ ಕೊಡಲೆಂದು ಬನಶಂಕರಿ ಬಿಳಿ ಬಟ್ಟೆಯಲ್ಲಿ ದಾರ ಎಳೆಯುವ ಚೀಲಗಳನ್ನು ಹೊಲಿದು ತಂದಿದ್ದಳು. ಅವುಗಳಲ್ಲಿ ಐದನ್ನು ಅವರು ಆಗಲೇ ಜೇಬಿಗೆ ಹಾಕಿಕೊಂಡಿದ್ದರು. ಒಂದೊಂದರಲ್ಲಿ ಒಂದೊಂದು ಹಕ್ಕಿ ಇಟ್ಟು, ದಾರ ಎಳೆದರು. ಬಲೆಯನ್ನು ಸುತ್ತಿ ತಂದು ಹಿತ್ತಲಲ್ಲಿಟ್ಟು, ಚೀಲಗಳನ್ನು ಅತ್ತೆಯ ಮನೆಯ ಕತ್ತಲೆ ಉಗ್ರಾಣದ ಗೂಟಗಳಿಗೆ ಸಾಲಾಗಿ ನೇತುಹಾಕಿದರು. ಕತ್ತಲಲ್ಲಿ ಚೀಲದೊಳಗಿನ ಹಕ್ಕಿ ಸದ್ದು ಮಾಡುವುದಿಲ್ಲ. ಅಷ್ಟು ಹೊತ್ತಿಗೆ ಸಾಹೇಬರು ಬರಬೇಕಿತ್ತು.

ಬಂದವರು ಗಂಡಿನವರು. ಜೋಯಿಸರು ಹತ್ತಕ್ಕಿಂತ ಎಂಟು ಗಂಟೆ ಲೇಸೆಂದರಂತೆ, ನಸುಕಿನಲ್ಲೇ ಜೀಪು ಹತ್ತಿದ್ದರು. ಹುಡುಗ ಚೆನ್ನಕೇಶವ ಬ್ಯಾಂಕಿನಲ್ಲಿ ಕೆಲಸದವನು, ತಲೆ ತಗ್ಗಿಸಿಕೊಂಡೇ ಇಳಿದ. ಅವನ ತಾಯಿ ಶಿವಲಕ್ಷ್ಮಮ್ಮ ತಲೆ ಎತ್ತಿಕೊಂಡೇ ಇಳಿದರು. ಕಿವಿಯಲ್ಲಿ ಎರಡು ದೊಡ್ಡ ಜುಮುಕಿ, ತುರುಬಿನಲ್ಲಿ ಕನಕಾಂಬರ, ಹಿಂದೆ ನಾಲ್ವರು ಹೆಂಗಸರು. ಸುಬ್ಬರಾಯಪ್ಪನವರು ಪರಚಿದ ಕೈಯನ್ನು ಶಲ್ಯದಲ್ಲಿ ಮುಚ್ಚಿಕೊಂಡು ಅವರೆದುರು ಕೂರಬೇಕಾಯಿತು. ಎದ್ದು ಹೋಗುವಂತಿಲ್ಲ. ಉಗ್ರಾಣದ ಕಡೆ ಒಂದು ಕಣ್ಣು, ಬಾಗಿಲ ಕಡೆ ಒಂದು ಕಣ್ಣು ಇಟ್ಟಿದ್ದರಿಂದ, ಹಿರಿಯ ಅಳಿಯನಿಗೆ ಮಾಲುಗಣ್ಣೆಂದು ಬಂದ ಹೆಂಗಸರು ತಮ್ಮಲ್ಲೇ ಮಾತಾಡಿಕೊಂಡರು.

ದ್ರಾಕ್ಷಾಯಣಿ ಉಪ್ಪಿಟ್ಟು ತಂದಿಟ್ಟಳು. ಹುಡುಗ ಉಪ್ಪಿಟ್ಟನ್ನೇ ನೋಡಿದ. ಅಷ್ಟರಲ್ಲಿ ಬಾಗಿಲಲ್ಲಿ ಖಾಕಿ ಟೋಪಿ, ಕೊರಳಲ್ಲಿ ದುರ್ಬೀನು, ಹೆಗಲಲ್ಲಿ ಚೀಲ ಹೊತ್ತ ಒಬ್ಬರು ನಿಂತರು. ಗಲಗಲಿ ಸಾಹೇಬರು ಬೊಂಬಾಯಿಯಲ್ಲಿದ್ದರೂ ಮೂಲತಃ ಧಾರವಾಡದವರು. ಅವರ ದನಿ ಬಯಲಿನಲ್ಲಿ ಕೂಗಿ ಕೂಗಿ ಬೆಳೆದ ದನಿ.

"ಸುಬ್ಬರಾಯಪ್ಪನವರ ಮನಿ ಇದ ಏನ್ರೀ? ಬಸ್ಸು ತಡಾ ಆತು. ಸಿಕ್ಕದೇನು?"

ಸುಬ್ಬರಾಯಪ್ಪನವರು ಅರ್ಧ ಎದ್ದರು. "ಸಿಕ್ಕೈತೆ ಸಾರ್. ಒಳಗೈತೆ."

"ಛಲೋ ಆತು. ಭಾಳ ದೂರದ್ದೇನು?"

"ದೂರದ್ದೇ ಸಾರ್."

"ತೂಕಾ ನೋಡಿದ್ರೇನು?"

ಶಿವಲಕ್ಷ್ಮಮ್ಮನವರ ಬಾಯಿಯ ಹತ್ತಿರಕ್ಕೆ ಹೋಗಿದ್ದ ಉಪ್ಪಿಟ್ಟಿನ ಚಮಚ ಅಲ್ಲೇ ನಿಂತಿತು. ಒಳಬಾಗಿಲಲ್ಲಿ ನಿಂತಿದ್ದ ದ್ರಾಕ್ಷಾಯಣಿ ತನ್ನ ಸೊಂಟವನ್ನೊಮ್ಮೆ ನೋಡಿಕೊಂಡಳು.

"ಮತ್ತ ಉಂಗುರ? ಹಾಕೀರೋ ಇನ್ನೂ ಇಲ್ಲೋ?"

"ಇನ್ನೂ ಇಲ್ಲ ಸಾರ್" ಎಂದರು ಸುಬ್ಬರಾಯಪ್ಪನವರು ವಿನಯದಿಂದ. "ತಮ್ಮ ಸಮ್ಮುಖದಲ್ಲೇ ಹಾಕಾನ ಅಂತ ಕಾಯ್ತಿದ್ದೆ."

"ಹಂಗಾದ್ರ ಲಗೂನ ತರ್ರಿ. ಉಂಗುರ ಹಾಕಿ ಬಿಟ್ಟುಬಿಡೂಣು. ಹೆಚ್ಚಿಗಿ ಹೊತ್ತು ಇಟಗೋಬಾರದು."

ಶಿವಲಕ್ಷ್ಮಮ್ಮ ತಟ್ಟೆಯನ್ನು ಕೆಳಗಿಟ್ಟು ಎದ್ದು ನಿಂತರು.

"ಏನ್ರಮ್ಮ ಪದ್ಮಾವತಮ್ಮ, ಇದೇಮಿ ಮರ್ಯಾದೆ? ಒಂದೇ ದಿನಕ್ಕೆ ಎರಡು ಪಾರ್ಟಿ ಕರ್ಸಿದ್ದೀರಲ್ಲ. ಅವ್ರು ಉಂಗ್ರ ತಂದೇ ಬಂದವ್ರೆ, ನಮ್ಮನ್ನ ಉಪ್ಪಿಟ್ಟು ತಿನ್ನಕ್ಕೆ ಕರ್ದ್ರಾ? ಪದ ನಾಯನಾ, ಹೋಗಾನ."

ಪದ್ಮಾವತಮ್ಮನವರಿಗೆ ಏನೂ ಅರ್ಥವಾಗಲಿಲ್ಲ. ಅರ್ಥವಾದದ್ದು ಒಂದೇ, ಬಂದ ಮುತ್ತೈದೆಯರು ಬರಿಗೈಯಲ್ಲಿ ಹೊರಟಿದ್ದಾರೆ. ಉಗ್ರಾಣಕ್ಕೆ ಓಡಿದರು. ಅವರ ಕನ್ನಡಕ ಪಂಚಾಂಗದ ಮೇಲಿತ್ತು, ಕಣ್ಣಿಗೆ ಬಿಳಿಯದೇನೋ ಕಂಡಿತು. ಗೂಟದಲ್ಲಿ ಐದು ಚೀಲ, ದಾರ ಎಳೆದು ಸಿದ್ಧವಾಗಿವೆ. ಮಗಳು ಆಗಲೇ ಎಲೆ ಅಡಿಕೆ ತುಂಬಿಟ್ಟಿದ್ದಾಳೆ, ಜಾಣೆ. ಒಂದು ತಟ್ಟೆಯಲ್ಲಿಟ್ಟುಕೊಂಡು ಬಂದು ಒಬ್ಬೊಬ್ಬರ ಕೈಗೂ ಇಟ್ಟರು.

"ಕೋಪ ಮಾಡ್ಕೊಬ್ಯಾಡಿ ಕಣಮ್ಮ. ತಾಂಬೂಲ ಒಂದು ತಗಂಡೋಗಿ."

ಸುಬ್ಬರಾಯಪ್ಪನವರು ಚೀಲಗಳನ್ನು ನೋಡಿದರು. ಬಾಯಿ ತೆರೆದರು. ಅಷ್ಟರಲ್ಲಿ ಐದೂ ಚೀಲ ಕೈ ಸೇರಿದ್ದವು.

"ಏನಿದು, ಬೆಚ್ಚಗೈತೆ" ಎಂದರು ಒಬ್ಬ ಹೆಂಗಸು. ಶಿವಲಕ್ಷ್ಮಮ್ಮನವರ ಚೀಲ ಅವರ ಅಂಗೈಯಲ್ಲಿ ಒಮ್ಮೆ ಮಗ್ಗುಲು ಬದಲಿಸಿತು. ಅವರು ದಾರ ಸಡಿಲಿಸಿ ಒಳಗೆ ಇಣುಕಿದರು. ಒಳಗಿನಿಂದಲೂ ಒಂದು ಕಣ್ಣು ಹೊರಗೆ ಇಣುಕಿತು.

ಮುಂದಿನದು ಕ್ಷಣಾರ್ಧದಲ್ಲಿ ನಡೆಯಿತು. ಶಿವಲಕ್ಷ್ಮಮ್ಮ "ದೇವುಡಾ" ಎಂದು ಕೈಬಿಟ್ಟರು. ಉಳಿದ ನಾಲ್ವರೂ ತಮ್ಮ ತಮ್ಮ ಚೀಲ ಎಸೆದರು, ಎಸೆದ ರಭಸಕ್ಕೆ ದಾರಗಳು ಬಿಚ್ಚಿಕೊಂಡವು. ಐದು ಹಕ್ಕಿಗಳು ಪಡಸಾಲೆಯ ತುಂಬ ಹಾರತೊಡಗಿದವು. ಒಂದು ಗೋಡೆ ಗಡಿಯಾರದ ಮೇಲೆ, ಒಂದು ಉಪ್ಪಿಟ್ಟಿನ ಪಾತ್ರೆಯಲ್ಲಿ, ಇನ್ನೊಂದು ಚೆನ್ನಕೇಶವನ ತಲೆಯ ಮೇಲೆ ಕೂತು ಬಾಲ ಕುಣಿಸಿತು. ಮೇಲೆ ಫ್ಯಾನು ಗಿರ್ರೆಂದು ತಿರುಗುತ್ತಿತ್ತು.

"ಫ್ಯಾನ್ ಆರಸ್ರೀ, ಸಾಯ್ತಾವು" ಎಂದು ಗಲಗಲಿ ಸಾಹೇಬರು ಕೂಗುವ ಮೊದಲೇ ಬನಶಂಕರಿ ಸ್ವಿಚ್ಚಿನ ಮೇಲೆ ಕೈ ಇಟ್ಟಿದ್ದಳು. ಹಿತ್ತಲ ಬಾಗಿಲು ತೆರೆದು, ಉಳಿದೆಲ್ಲ ಕಿಟಕಿ ಮುಚ್ಚಿದಳು. ಬೆಳಕು ಬರುವ ಕಡೆಗೆ ಹಕ್ಕಿಗಳು ತಾವಾಗಿ ಹೋಗುತ್ತಿದ್ದವು. ಆಗ ಸುಬ್ಬರಾಯಪ್ಪನವರಿಗೆ ಸಾಹೇಬರೆದುರು ತಮ್ಮ ಚುರುಕುತನ ತೋರಿಸುವ ಬುದ್ಧಿ ಬಂತು. ಹಿತ್ತಲಿನಿಂದ ಬಲೆ ತಂದವರೇ ಅದೇ ಬಾಗಿಲಿಗೆ ಅಡ್ಡ ಹಿಡಿದು ನಿಂತರು. ನಾಲ್ಕು ಹಕ್ಕಿಗಳು ಅವರ ತಲೆಯ ಮೇಲಿನಿಂದ ಹಾರಿ ಹೋದವು. ಐದನೆಯದು ಬಲೆಗೆ ಬಿತ್ತು. ಅದರ ಹಿಂದೆಯೇ, ಈ ಮನೆಯಿಂದ ಯಾವ ಬಾಗಿಲಾದರೂ ಸರಿ, ಹೊರಗೆ ಹೋದರೆ ಸಾಕೆಂದು ಬಂದ ಶಿವಲಕ್ಷ್ಮಮ್ಮನವರೂ ಬಿದ್ದರು.

ಜುಮುಕಿ, ತುರುಬು, ಕನಕಾಂಬರ, ಹಕ್ಕಿ, ಬಲೆ ಎಲ್ಲ ಒಂದೇ ಗಂಟಾಯಿತು. ಹಕ್ಕಿ ಅವರ ಕಿವಿಯ ಪಕ್ಕದಲ್ಲೇ ಕಿಚಕಿಚ ಎನ್ನುತ್ತಿತ್ತು. ಅವರು ಕದಲಿದಷ್ಟೂ ಜುಮುಕಿ ಕಿವಿಯನ್ನು ಜಗ್ಗುತ್ತಿತ್ತು. ಸುಬ್ಬರಾಯಪ್ಪನವರು ಕೈಹಾಕಿದರು. ಗಂಟು ಬಿಗಿಯಿತು. ಇನ್ನೊಮ್ಮೆ ಹಾಕಿದರು. ಅವರ ಶಲ್ಯವೂ ಸೇರಿಕೊಂಡಿತು.

"ಕತ್ತರಿ ತತ್ತೀನಿ, ಇರಿ" ಎಂದರು.

"ಏನು ಕತ್ತರಿಸ್ತೀಯಪ್ಪ, ಕಿವೀನಾ?" ಎಂದರು ಶಿವಲಕ್ಷ್ಮಮ್ಮ. ದನಿಯಲ್ಲಿ ಗತ್ತು ಹೋಗಿ ಅಳು ಬಂದಿತ್ತು.

ಬನಶಂಕರಿ ಗಂಡನನ್ನು ಭುಜ ಹಿಡಿದು ಪಕ್ಕಕ್ಕೆ ಸರಿಸಿದಳು. ಚಾಪೆ ಎಳೆದು ಶಿವಲಕ್ಷ್ಮಮ್ಮನವರನ್ನು ಕೂರಿಸಿ ಬೆನ್ನ ಹಿಂದೆ ತಾನೂ ಕೂತಳು.

"ಅಲ್ಲಾಡಬ್ಯಾಡಿ ಅಮ್ಮ. ಅದು ಕಚ್ಚಾಕಿಲ್ಲ, ನಿಮಗಿಂತ ಅದಕ್ಕೆ ಹೆಚ್ಚು ದಿಗಿಲು. ನೀವು ಮೆತ್ತಗೆ ಉಸ್ರು ಬಿಡಿ, ಅದೂ ಸುಮ್ಕಾಯ್ತೈತೆ."

ಮೊದಲು ಹಕ್ಕಿಯ ಕಾಲು, ಆಮೇಲೆ ರೆಕ್ಕೆ, ಆಮೇಲೆ ಕತ್ತು. ಹಕ್ಕಿಯನ್ನು ತೆಗೆದು ಸಾಹೇಬರ ಕೈಗಿತ್ತಳು. ಆಮೇಲೆ ಜುಮುಕಿಯ ಒಂದೊಂದು ಮುತ್ತಿನಿಂದಲೂ ನೂಲು ಬಿಡಿಸುತ್ತ, ಗಂಡನ ಹಕ್ಕಿಯ ಹುಚ್ಚನ್ನೂ ಉಂಗುರ ಯಾವುದೆಂಬುದನ್ನೂ ಮೆಲ್ಲಗೆ ಹೇಳುತ್ತ ಹೋದಳು. ಒಂದು ಎಳೆಯೂ ಹರಿಯಲಿಲ್ಲ. ಕೊನೆಗೆ ತುರುಬನ್ನು ಬಿಚ್ಚಿ, ಬಾಚಿ, ಮತ್ತೆ ಕಟ್ಟಿ ಕನಕಾಂಬರ ಮುಡಿಸಿದಳು. ಅಷ್ಟರಲ್ಲಿ ಶಿವಲಕ್ಷ್ಮಮ್ಮನವರಿಗೆ ಅರ್ಧ ತೂಕಡಿಕೆ ಬಂದಿತ್ತು.

"ಹಂಗಾದ್ರೆ ತೂಕ ನೋಡಿದ್ದು ಹುಡ್ಗೀದಲ್ಲ?" ಎಂದರು.

"ಹಕ್ಕೀದು ಕಣಮ್ಮ."

"ಯಾವ ಹಕ್ಕಿ ಅದು? ಹೆಸರೇನು?" ಎಂದು ಅವರು ಹಿರಿಯ ಅಳಿಯನ ಕಡೆ ತಿರುಗಿದರು.

ಸುಬ್ಬರಾಯಪ್ಪನವರು ಬೆವರಿದರು. ಮುಂದೆ ಬೀಗಿತ್ತಿಯಾಗಬೇಕಾದವರ ಎದುರು ಆ ಹೆಸರನ್ನು ಹೇಗೆ ಹೇಳುವುದು? "ಅದು ಹಳದಿ ಬಣ್ಣದ್ದು... ಬಾಲ ಉದ್ದ ಇರ್ತೈತೆ..." ಎಂದು ತಡವರಿಸಿದರು.

"ಕುಂಡೆಕುಸ್ಕ ಅಂತಾರ್ರೀ ಅಮ್ಮಾರ" ಎಂದರು ಗಲಗಲಿ ಸಾಹೇಬರು, ಕೆರೆಯ ಆಚೆಗೂ ಕೇಳುವಂತೆ. "ಅದು ಕುಣಸೂದ ಹಂಗ ನೋಡ್ರಿ."

ಬೆಳಗಿನಿಂದ ಒಂದು ಮಾತೂ ಆಡದಿದ್ದ ಚೆನ್ನಕೇಶವ ತಡೆಯಲಾರದೆ ನಕ್ಕುಬಿಟ್ಟ. ಒಳಬಾಗಿಲ ಹಿಂದಿನಿಂದ ಇನ್ನೊಂದು ನಗು ಅದೇ ಹೊತ್ತಿಗೆ ಕೇಳಿಸಿತು. ಅವನು ಮೊದಲ ಸಲ ತಲೆ ಎತ್ತಿ ಆ ಕಡೆ ನೋಡಿದ. ದ್ರಾಕ್ಷಾಯಣಿ ಸೆರಗು ಬಾಯಿಗಿಟ್ಟುಕೊಂಡು ಇವನನ್ನೇ ನೋಡುತ್ತಿದ್ದಳು. ಅವನ ತಲೆಯ ಮೇಲೆ ಹಕ್ಕಿ ಬಿಟ್ಟುಹೋದ ಗುರುತು ಇನ್ನೂ ಇತ್ತು.

ಶಿವಲಕ್ಷ್ಮಮ್ಮ ಮಗನನ್ನು ನೋಡಿದರು, ಬಾಗಿಲನ್ನು ನೋಡಿದರು, ಬನಶಂಕರಿಯ ಬೆರಳುಗಳನ್ನು ನೋಡಿದರು.

"ಪದ್ಮಾವತಮ್ಮ, ನಿನ್ನ ಸಣ್ಣ ಮಗಳಿಗೂ ಇಂಥ ಕೈಯೇನಾ?"

"ಇಬ್ರೂ ಒಂದೇ ಮಗ್ಗದ ಮುಂದೆ ಬೆಳೆದವ್ರು ಕಣಮ್ಮ."

"ಸರಿ ಹಂಗಾದ್ರೆ. ಆ ಉಪ್ಪಿಟ್ಟು ಬ್ಯಾಡ, ಹಕ್ಕಿ ಕುಂತಿತ್ತು. ಬೇರೆ ಮಾಡ್ಸು. ಕುಂತ್ಕಂಡು ಮಾತಾಡಾನ."

ಒಂದು ಪರೀಕ್ಷೆ ಪಾಸಾಗಿತ್ತು. ಸುಬ್ಬರಾಯಪ್ಪನವರು ಇನ್ನೊಂದಕ್ಕೆಂದು ಸಾಹೇಬರನ್ನು ಹಿತ್ತಲಿಗೆ ಕರೆದೊಯ್ದರು. ಉಳಿದ ಒಂದೇ ಹಕ್ಕಿಗೆ ಉಂಗುರ ಹಾಕಿ, ತೂಗಿ, ಬಿಟ್ಟದ್ದಾಯಿತು. ಸಾಹೇಬರು ಕಟ್ಟೆಯ ಮೇಲೆ ಕೂತು ಪುಸ್ತಕ ತಿರುವಿದರು. 'ಬಲೆಯಿಂದ ಬಿಡಿಸಿದವರು: ಸುಬ್ಬರಾಯಪ್ಪ.' ಹಾಳೆ ತಿರುವಿದರು. 'ಸುಬ್ಬರಾಯಪ್ಪ.' ಇನ್ನೊಂದು ಹಾಳೆ. ಆಮೇಲೆ ಸುಬ್ಬರಾಯಪ್ಪನವರ ಪರಚಿದ ಮೊಣಕೈಗಳನ್ನು ನೋಡಿದರು. ಕಾಫಿ ತಂದ ಬನಶಂಕರಿಯನ್ನು ಕೇಳಿದರು:

"ತಂಗೀ, ಹಕ್ಕಿ ಬಿಡಸೂದು ನಿಮಗ ಯಾರು ಕಲಿಸಿದ್ರು?"

ಬನಶಂಕರಿ ತೆರೆದ ಪುಸ್ತಕವನ್ನು ನೋಡಿದಳು. ಆರನೇ ಕ್ಲಾಸಿನವರೆಗೆ ಓದಿದ್ದಳು, ಗಂಡನ ಹೆಸರು ಓದಲು ಅಷ್ಟು ಸಾಕು. ಹಾಳೆಯ ಮೇಲಿನಿಂದ ಕೆಳಗಿನವರೆಗೆ ಓದಿದಳು. ಸುಬ್ಬರಾಯಪ್ಪನವರು ಬಾವಿಯ ರಾಟೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

"ಇವ್ರೇ ಸಾರ್" ಎಂದಳು ಬನಶಂಕರಿ. "ಇವ್ರು ಬಿಡ್ಸೋದು ನೋಡೀನೇ ಕಲ್ತೆ. ಹೆಂಗೆ ಬಿಡ್ಸಬಾರ್ದು ಅಂತ."

ಲೋಟ ಇಟ್ಟು ಒಳಗೆ ಹೋದಳು. ಸಾಹೇಬರು ಕಾಫಿ ಕುಡಿಯುವಾಗ ಎರಡು ಸಲ ಕೆಮ್ಮಿದರು. ಅದು ಕೆಮ್ಮಲ್ಲವೆಂದು ಸುಬ್ಬರಾಯಪ್ಪನವರಿಗೂ ಗೊತ್ತಾಯಿತು.

ಹಿಂದೂಪುರಕ್ಕೆ ವಾಪಸಾಗುವಾಗ ಬಸ್ಸಿನಲ್ಲಿ ಆಕೆ ಪುಸ್ತಕದ ಮಾತನ್ನೇ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು ಎನಿಸಿತು ಅವರಿಗೆ. ಪೆನುಕೊಂಡ ದಾಟುವವರೆಗೆ ಕಾದು ತಾವೇ "ತಪ್ಪಾಯ್ತು ಕಣೆ" ಎಂದರು. ಆಕೆ ನಿದ್ದೆ ಮಾಡುತ್ತಿದ್ದಳು, ಅಥವಾ ಮಾಡುವವಳ ಹಾಗಿದ್ದಳು.

ಒಂದು ತಿಂಗಳಿಗೆ ಬೊಂಬಾಯಿಯಿಂದ ದಪ್ಪ ಲಕೋಟೆ ಬಂತು. ಇಂಗ್ಲಿಷಿನಲ್ಲಿತ್ತು. ಸುಬ್ಬರಾಯಪ್ಪನವರು ಪಡಸಾಲೆಯಲ್ಲಿ ನಿಂತು ಗಂಟಲು ಸರಿಮಾಡಿಕೊಂಡು, ಮನಸ್ಸಿನಲ್ಲೇ ಓದಿಕೊಂಡರು. ಒಮ್ಮೆ ಓದಿದರು. ಮತ್ತೊಮ್ಮೆ ಓದಿದರು.

"ಏನಂತೆ?" ಎಂದಳು ಬನಶಂಕರಿ, ಅಕ್ಕಿ ಆರಿಸುತ್ತ.

ಬೇರೇನಾದರೂ ಹೇಳಬಹುದಿತ್ತು. ಆಕೆಗೆ ಇಂಗ್ಲಿಷು ಬಾರದು. ಆದರೆ ಸುಬ್ಬರಾಯಪ್ಪನವರು ಇದ್ದುದನ್ನು ಇದ್ದ ಹಾಗೆಯೇ ಕನ್ನಡಕ್ಕೆ ತಂದರು.

"ಶ್ರೀಮತಿ ಬನಶಂಕರಿಯವರಿಗೆ ಹಕ್ಕಿಗಳಿಗೆ ಉಂಗುರ ಹಾಕಲು ಮೂರು ವರ್ಷದ ಪರವಾನಗಿ ಕೊಡಲಾಗಿದೆ. ಡಬ್ಬಿ, ಬಲೆ, ತಕ್ಕಡಿ ಅವರ ವಶದಲ್ಲೇ ಇರತಕ್ಕದ್ದು. ಪುಸ್ತಕ ಬರೆಯಲು ಅವರು ಒಬ್ಬ ಸಹಾಯಕನನ್ನು ನೇಮಿಸಿಕೊಳ್ಳಬಹುದು." ಅವರು ಹಾಳೆ ಮಗುಚಿದರು. "ಸದರಿ ಸಹಾಯಕನು ಬಲೆಯನ್ನು ಮುಟ್ಟದಂತೆ ನೋಡಿಕೊಳ್ಳತಕ್ಕದ್ದು."

ಬನಶಂಕರಿ ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟಳು.

"ಸಹಾಯಕ ಅಂದ್ರೆ ಯಾರನ್ನ ಬೇಕಾದ್ರೂ ಇಟ್ಕೊಬೋದಾ?"

"ಇಟ್ಕೊಬೋದು" ಎಂದರು ಸುಬ್ಬರಾಯಪ್ಪನವರು. "ನನ್ನ ಅಕ್ಷರ ದುಂಡಗೈತೆ."

ಆಕೆ ಮೊರವನ್ನು ಒಮ್ಮೆ ಕೇರಿದಳು, ಹೊಟ್ಟು ಊದಿದಳು.

"ಒಂದು ಅರ್ಜಿ ಬರೆದು ಕೊಡಿ" ಎಂದಳು. "ನೋಡಾನ."